ದೇವರ ಮುಂದಿಟ್ಟ ಚೀಟಿ

"ಎರಡೂ ಒಂದೇ ದಿನದ್ದಾ?"

ಚಂದು ತುಟಿಗಳ ನಡುವೆ ಕಚ್ಚಿಕೊಂಡಿದ್ದ ಎರಡು ಮೊಳೆಗಳನ್ನು ತೆಗೆದು ಕಿಸೆಗೆ ಹಾಕಿಕೊಂಡ. ಅರ್ಧ ಕಟ್ಟಿದ ದೋಣಿಯಿಂದ ಇಳಿದು ಬಂದು, ಶ್ರೀವಿದ್ಯಾ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟಿದ್ದ ಚೀಟಿಗಳನ್ನು ನೋಡಿದ.

"ಒಂದೇ ದಿನ, ಒಂದೇ ಪೆಟ್ಗಿ, ಮೇಡಂ. ತಲ್ಲೂರಿನ ಪೆಟ್ಗಿ. ನಾ ದುಡ್ ಹಾಕಿ ಈಚಿಗ್ ಬಂದೆ, ಇವ್ಳ್ ಆಚಿಗ್ ಹೋದ್ಲ್. ಐದ್ ನಿಮಿಷ ಆಯ್ತೋ ಎಂತದೋ."

"ಐದ್ ನಿಮಿಷ ಅಲ್ಲ, ಹತ್ತ್," ಎಂದಳು ಅವನ ಹೆಂಡತಿ ಸರಸ. "ನನ್ನ ನೋಟ್ ಎರಡ್ ಸಲ ಹೊರಗ್ ದೂಡಿತ್ ಅದ್. ಒದ್ದೆ ನೋಟ್ ಅಂಬ್ರ್. ಮೀನ್ ಮಾರುವವ್ಳ ನೋಟ್ ಮತ್ತೆ ಇಸ್ತ್ರಿ ಹಾಕಿ ಇರ್ಕಾ?"

ಹಂಗಾರಕಟ್ಟೆಯ ಹೊಳೆಬಾಯಿಯಿಂದ ಬೀಸಿದ ಗಾಳಿಗೆ ಚೀಟಿಗಳು ಏಳತೊಡಗಿದವು. ಶ್ರೀವಿದ್ಯಾ ಒಂದೊಂದರ ಮೇಲೂ ಒಂದೊಂದು ಉಳಿಯನ್ನು ಇಟ್ಟಳು. ತೆಳುವಾದ, ನುಣುಪಾದ ಬಿಲ್ಲಿನ ಕಾಗದ. ಎರಡರಲ್ಲೂ ಎಡಕ್ಕೊಂದು ಬಲಕ್ಕೊಂದು ಕಪ್ಪು ಚುಕ್ಕಿಗಳ ಚೌಕ.

ಆರು ವಾರಗಳಲ್ಲಿ ತಲ್ಲೂರು ಮತ್ತು ಯಡ್ತರೆಯ ಎರಡು ನಾಣ್ಯಯಂತ್ರಗಳಿಗೆ ಹಣ ಹಾಕಿದ ಹನ್ನೊಂದು ಜನರ ಗಂಟು ಮಾಯವಾಗಿತ್ತು. ಕಳ್ಳ ಯಂತ್ರವೇ ಎಂದು ತೋರಿಸಿಕೊಡುವ ಕೆಲಸವನ್ನು ಬ್ರಹ್ಮಾವರದ ಗ್ರಾಹಕ ವೇದಿಕೆ ಶ್ರೀವಿದ್ಯಾಳಿಗೆ ಒಪ್ಪಿಸಿತ್ತು.

ಯಂತ್ರದ ಕೆಲಸ ಸರಳ. ಬಾಯಿಗೆ ನೋಟು ಕೊಟ್ಟರೆ ಅಷ್ಟು ಬೆಲೆಯ ಡಿಜಿಟಲ್ ನಾಣ್ಯ ಕೊಂಡು ಒಂದು ಚೀಟಿ ಉಗುಳುತ್ತದೆ. ಎಡಗಡೆಯ ಚೌಕವನ್ನು ಮೊಬೈಲಿಗೆ ತೋರಿಸಿದರೆ ಎಷ್ಟು ನಾಣ್ಯವಿದೆ, ಯಾವಾಗ ಬಂತು, ಯಾವಾಗ ಹೋಯಿತು ಎಂದು ಯಾರು ಬೇಕಾದರೂ ನೋಡಬಹುದು. ಬಲಗಡೆಯದು ಕೀಲಿ. ಅದರ ಒಂದು ಫೋಟೋ ಕೈಗೆ ಸಿಕ್ಕವನು ಎಲ್ಲಿ ಕುಳಿತಾದರೂ ನಾಣ್ಯವನ್ನು ತನ್ನದಾಗಿಸಿಕೊಳ್ಳಬಹುದು. ಇದನ್ನು ಚೀಟಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಜನ ಅದನ್ನು ಬ್ಯಾಂಕಿನ ರಸೀದಿ ಎಂದುಕೊಂಡಿದ್ದರು.

ಅಚ್ಚು ಹಾಕುವಾಗಲೇ ಯಂತ್ರ ಕೀಲಿಯ ನಕಲು ಇಟ್ಟುಕೊಳ್ಳುತ್ತದೆ ಎಂಬುದು ಶ್ರೀವಿದ್ಯಾಳ ಇದುವರೆಗಿನ ಊಹೆ. ಮಧ್ಯಾಹ್ನ ಮೂರು ಗಂಟೆಯೊಳಗೆ ಅವಳು ವರದಿ ಕಳಿಸಬೇಕಿತ್ತು. ಇಂಥ ಯಂತ್ರಗಳಿಗೆ ನಿಯಮ ರೂಪಿಸಲು ನೇಮಿಸಿದ ವಿಚಾರಣಾ ಸಮಿತಿ ಇಂದು ಕುಂದಾಪುರದಲ್ಲಿ ಸೇರುತ್ತಿತ್ತು. ತಪ್ಪು ಯಂತ್ರದ್ದು ಎಂದಾದರೆ ಕಂಪನಿ ಇಟ್ಟ ಠೇವಣಿಯಿಂದ ಹನ್ನೊಂದು ಜನರಿಗೂ ಹಣ ಮರಳುತ್ತದೆ. ಗ್ರಾಹಕರ ತಪ್ಪು ಎಂದಾದರೆ ಯಾರಿಗೂ ಬಿಡಿಗಾಸಿಲ್ಲ.

ಸರಸಳಿಗೆ ಬರಬೇಕಾದದ್ದು ಒಂದು ಲಕ್ಷ ತೊಂಬತ್ತು ಸಾವಿರ. ಇಪ್ಪತ್ತೆರಡು ವರ್ಷ ಬೇರೆಯವರ ದೋಣಿ ಕಟ್ಟಿದ ಚಂದು, ಬೇರೆಯವರ ದೋಣಿಯ ಮೀನು ಮಾರಿದ ಸರಸ, ಇಬ್ಬರೂ ಅರ್ಧರ್ಧ ಹಾಕಿ ತಮ್ಮದೇ ಒಂದು ನಾಡದೋಣಿ ಮಾಡಿಸಲು ಹೊರಟಿದ್ದರು. ಅದರ ಅಡಿಮರ ಅಲ್ಲೇ, ಮಾಡಿನ ಕೆಳಗೆ ಬಿದ್ದಿತ್ತು. ತಿಂಗಳ ಕೊನೆಯೊಳಗೆ ಹಣ ಬರದಿದ್ದರೆ ಅದನ್ನು ಮಲ್ಪೆಯವರಿಗೆ ಕೊಡುವುದಾಗಿ ಮರದ ಸಾಹುಕಾರ ಹೇಳಿಯಾಗಿತ್ತು.

"ನಿನ್ನಿ ಬಂದವ್ರ್ ಅಡಿಮರ ಮುಟ್ಟಿ ಮುಟ್ಟಿ ಕಂಡ್ ಹೋದ್ರ್," ಎಂದಳು ಸರಸ. "ಹೆಣ್ ಕಾಂಬುಕೆ ಬಂದವ್ರ ಹಾಂಗೆ."

ಶ್ರೀವಿದ್ಯಾ ಮೊಬೈಲನ್ನು ಚಂದುವಿನ ಚೀಟಿಯ ಎಡ ಚೌಕದ ಮೇಲೆ ಹಿಡಿದಳು. ಹಣ ಪೂರ್ತಿ ಇತ್ತು. ಸರಸಳ ಚೀಟಿಯ ಮೇಲೆ ಹಿಡಿದಳು. ಸೊನ್ನೆ.

ಹನ್ನೊಂದು ವರ್ಷ ಅವಳು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕಾಗದ, ಶಾಯಿ, ಸಹಿಗಳನ್ನು ಪರೀಕ್ಷಿಸಿದವಳು. ಅಲ್ಲಿ ಕೆಟ್ಟ ಮಾದರಿಯ ಜೊತೆಗೆ ಒಂದು ಒಳ್ಳೆಯ ಮಾದರಿಯನ್ನೂ ಇಟ್ಟುಕೊಳ್ಳದೆ ಯಾವ ಮಾತನ್ನೂ ಬರೆಯುವಂತಿರಲಿಲ್ಲ. ಈ ಪ್ರಕರಣದಲ್ಲಿ ಅವಳು ಹಣ ಕಳೆದುಕೊಂಡವರನ್ನಷ್ಟೇ ನೋಡುತ್ತಾ ಬಂದಿದ್ದಳು. ಕಳೆದುಕೊಳ್ಳದ ಮೂವತ್ತೆಂಟು ಜನರ ಪಟ್ಟಿಯನ್ನು ಕಂಪನಿ ಕೊಟ್ಟದ್ದು ನಿನ್ನೆ ಸಂಜೆ. ಅದರಲ್ಲಿ ಮೊದಲು ಕಣ್ಣಿಗೆ ಬಿದ್ದ ಹೆಸರು ಸರಸಳ ಗಂಡನದು.

ಒಂದೇ ಯಂತ್ರ, ಹತ್ತು ನಿಮಿಷದ ಅಂತರ. ಯಂತ್ರ ಕದಿಯುವುದಾದರೆ ಒಂದನ್ನು ಕದ್ದು ಇನ್ನೊಂದನ್ನು ಯಾಕೆ ಬಿಟ್ಟಿತು?

ಅವಳು ಬಗ್ಗಿ ಎರಡೂ ಕಾಗದಗಳನ್ನು ಭೂತಗನ್ನಡಿಯಲ್ಲಿ ನೋಡಿದಳು. ಚಂದುವಿನ ಚೀಟಿಯ ಮಡಿಕೆಯಲ್ಲಿ ಮರದ ಹೊಟ್ಟು. ಸರಸಳ ಚೀಟಿಯ ಮೂಲೆಯಲ್ಲಿ ಹಳದಿ ಕಲೆ. ಇಂಥ ಕಲೆ ಉಳಿದ ಚೀಟಿಗಳಲ್ಲೂ ಇತ್ತು. ಅಡುಗೆಮನೆಯ ಅರಿಶಿನ ಎಂದುಕೊಂಡು ಬಿಟ್ಟುಬಿಟ್ಟಿದ್ದಳು. ಈಗ ಮೂಸಿ ನೋಡಿದಳು.

"ಸರಸಕ್ಕ, ಇದಕ್ಕೆ ಗಂಧ ಹೇಗೆ ತಾಗ್ತ್?"

"ದೇವ್ರ್ ಮುಂದೆ ಇಡ್ಸಿದ್ನಲೆ! ಹೊಳೆಕರೆ ದುರ್ಗಿ ಗುಡಿಯಗೆ. ನಮ್ಮ ತೌರ್ ಮನಿ ದೇವ್ರ್ ಅದ್. ಮದ್ವಿ ಕಾಗ್ದ ಆಯ್ಲಿ, ಗಾಡಿ ಕೀಲಿ ಆಯ್ಲಿ, ಮೊದ್ಲ್ ಅಲ್ಲಿ ಇಟ್ಟೇ ಮುಂದಿನ್ ಕೆಲ್ಸ." ಅವಳು ಗಂಡನ ಕಡೆ ಗಲ್ಲ ತಿರುವಿದಳು. "ಇವ್ರಿಗೂ ಹೇಳ್ದೆ, ನಿಮ್ದೂ ಕೊಡಿನಿ ಅಂದೇಳಿ. ಕೇಂಡ್ರಾ? ಮುಂಬೈಯಗೆ ಆರ್ ವರ್ಷ ಇದ್ದ್ ಬಂದವ್ರ್. ದೇವ್ರ್ ಇಲ್ದಿದ್ ಕಾಗ್ದವೇ ಉಳೀತ್ ಕಾಣಿ!"

ಚಂದು ನಗಲಿಲ್ಲ. "ದೇವ್ರಿಗೆಂತ ಬ್ಯಾಂಕ್ ಕೆಲ್ಸವಾ?" ಎಂದು ಗೊಣಗಿ ದೋಣಿ ಹತ್ತಿದ.

ಕಾರಿನಲ್ಲಿ ಕುಳಿತು ಶ್ರೀವಿದ್ಯಾ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು.

ಯಡ್ತರೆಯ ಹೋಟೆಲಿನ ರವಿಚಂದ್ರ ಶೆಟ್ಟರು ದೋಸೆ ಹೆಂಚಿನ ಸದ್ದಿನ ನಡುವೆ ಕೂಗಿ ಹೇಳಿದರು: "ಹೌದ್ ಮರಾಯ್ರೆ, ಹೊಳೆಕರೆ ಗುಡಿಯಗೇ. ಹೊಸ ಹೋಟ್ಲಿನ ಕೀಲಿ, ಲೈಸೆನ್ಸು, ಈ ಚೀಟಿ, ಮೂರೂ ಒಟ್ಟಿಗ್ ಇಡ್ಸಿದ್ದೆ. ಕೀಲಿ ಇತ್ತ್, ಲೈಸೆನ್ಸ್ ಇತ್ತ್. ದುಡ್ಡೊಂದೇ ಇಲ್ಲೆ."

ತಲ್ಲೂರಿನ ಗುಲಾಬಿ: "ಉರಾಳ್ ಭಟ್ರ ಕೈಯಗೇ ಕೊಟ್ಟದ್."

ಫೋನಿಗೆ ಸಿಕ್ಕ ಏಳು ಜನರೂ ಅದೇ ಗುಡಿಯ ಹೆಸರು ಹೇಳಿದರು. ಯಂತ್ರಗಳು ಎರಡು, ಊರುಗಳು ಐದು, ಗುಡಿ ಒಂದೇ. ಬಳಿಕ ಅವಳು ಹಣ ಕಳೆದುಕೊಳ್ಳದವರ ಪಟ್ಟಿಯಿಂದ ನಾಲ್ವರಿಗೆ ಮಾಡಿದಳು. ಯಾರೂ ಗುಡಿಗೆ ಕೊಟ್ಟಿರಲಿಲ್ಲ. ಕೊನೆಗೆ ಸಿಕ್ಕ ಸೀತು ಎಂಬ ಮುದುಕಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ದೇವ್ರ ಮುಂದೆಯಾ? ಅಕ್ಕಿ ಡಬ್ಬಿ ಒಳ್ಗೆ ಇಟ್ಟಿದೆ ಮಗಾ. ಎಂತಕೆ, ಅಲ್ಲಿ ಇಡುಕಾಗ್ದಾ?"

"ಅಲ್ಲೇ ಇರ್ಲಿ, ಅಮ್ಮ. ಯಾರಿಗೂ ತೋರ್ಸ್ಬೇಡಿ."

ಗುಡಿ ಕೋಟದಿಂದ ಪಡುವಣಕ್ಕೆ, ಹೊಳೆಯ ದಂಡೆಯಲ್ಲಿತ್ತು. ಶ್ರೀವಿದ್ಯಾ ಚಿಕ್ಕವಳಿದ್ದಾಗಿನಿಂದ ಬಂದ ಗುಡಿ. ಅವಳ ಅಕ್ಕ ಗೋದಾವರಿಯ ಗಂಡ ಮಧುಸೂದನ ಹಂದೆ ಅಲ್ಲಿನ ಆಡಳಿತ ನೋಡುವ ಮೊಕ್ತೇಸರ. ಗ್ರಾಹಕ ವೇದಿಕೆ ಕಟ್ಟಿದವರೂ, ಈ ಪ್ರಕರಣಕ್ಕೆ ಅವಳನ್ನು ಕರೆದವರೂ ಅವರೇ.

ಅರ್ಚಕ ವೈಕುಂಠ ಉರಾಳರು ಗಂಧ ತೇಯುತ್ತಿದ್ದರು. "ಐತಾಳ್ರ ಸಣ್ ಮಗ್ಳಲ್ದಾ? ಮಧುಸೂದನಯ್ಯನ ನಾದ್ನಿ. ಬಾ ಬಾ. ಪತ್ತೇದಾರಿಕೆ ಮಾಡ್ತೆ ಅಂಬ್ರಲೆ. ನನ್ನ ಛತ್ರಿ ಕಳ್ದ್ ಮೂರ್ ತಿಂಗ್ಳ್ ಆಯ್ತ್, ಅದೊಂದ್ ಹುಡ್ಕಿ ಕೊಡ್."

"ಛತ್ರಿ ಆಮೇಲೆ, ಉರಾಳ್ರೆ. ಜನ ಈ ಥರದ ಚೀಟಿ ತಂದ್ ಕೊಟ್ರೆ ಎಲ್ಲಿ ಇಡ್ತ್ರಿ?"

"ಹರಿವಾಣದಗೆ. ಮತ್ತೆಲ್ಲಿ?"

"ಮಡಚಿಯಾ, ಬಿಡಿಸಿಯಾ?"

"ಮಡ್ಚಿ ಇಟ್ರೆ ಅಮ್ಮ ಎಂತ ಓದೂದ್? ಜಾಗದ ಪತ್ರ ಆಯ್ಲಿ, ಮದಿ ಕಾಗ್ದ ಆಯ್ಲಿ, ನಾ ಬಿಡ್ಸೇ ಇಡುದ್. ಗಾಳಿಗ್ ಹಾರ್ದೆ ಇರ್ಲಿ ಅಂದ್ಕಂಡ್ ಮೂಲಿಗ್ ಒಂಚೂರ್ ಗಂಧ. ಮಾರ್ನೇ ದಿನ ಪ್ರಸಾದದ ಒಟ್ಟಿಗ್ ವಾಪಸ್ ಕೊಡ್ತೆ."

"ಈ ಚೌಕ ಎಂತದ್ ಅಂದ್ ಗೊತ್ತಿತ್ತಾ?"

"ಎಂತದೋ ಹೊಸ ನಮೂನಿ ರಂಗೋಲಿ ಅಂದ್ ಎಣ್ಸಿದ್ದೆ."

ಶ್ರೀವಿದ್ಯಾ ಹೊಸ್ತಿಲ ಈಚೆ ನಿಂತು ಒಳಗೆ ನೋಡಿದಳು. ಬೆಳ್ಳಿಯ ಹರಿವಾಣ ಪೀಠದ ಮುಂದಿತ್ತು. ಅದರ ನೇರ ಮೇಲೆ, ತೊಲೆಯಿಂದ, ಒಂದು ಬಿಳಿಯ ಕ್ಯಾಮೆರಾ ಕೆಳಗೆ ನೋಡುತ್ತಿತ್ತು. ಕಾಣಿಕೆ ಹುಂಡಿ ಇದ್ದದ್ದು ಹೊರಬಾಗಿಲ ಬಳಿ. ಅಲ್ಲಿ ಕ್ಯಾಮೆರಾ ಇರಲಿಲ್ಲ.

"ಬೆಳ್ಳಿ ಹರಿವಾಣ ಅಲ್ದಾ, ಕಳು ಆಪುಕಾಗ ಅಂದ್ಕಂಡ್ ಮಧುಸೂದನಯ್ಯನೇ ಹಾಕ್ಸದ್. ಹೋದ್ ವರ್ಷ. ಮಾತ್ ಸೈತ ಕೇಂತಿತ್ತ್ ಅಂಬ್ರ್. ಅದ್ಕೇ ನಾ ಈಗ ಒಳ್ಗೆ ಯಾರಿಗೂ ಬೈತಿಲ್ಲೆ."

"ಇದ್ರಗೆ ಕಾಂಬುದ್ ಯಾರ್? ನೀವಾ?"

"ನಂಗ್ ಆ ಮೊಬೈಲ್ ಗಿಬೈಲ್ ಬತ್ತಿಲ್ಲೆ. ಮಧುಸೂದನಯ್ಯನ್ ಮನಿಯಗೆ ಕಾಂತಿತ್ತ್."

ಅವಳು ಮೊಬೈಲಿನ ಕ್ಯಾಮೆರಾ ಹಿಗ್ಗಿಸಿ ಮೇಲಿದ್ದುದರ ಮೈಮೇಲಿನ ಅಕ್ಷರ ಓದಿದಳು. ಆ ಎತ್ತರದಿಂದ ಹರಿವಾಣದಲ್ಲಿ ಬಿದ್ದ ಅಕ್ಕಿಕಾಳು ಮುರಿದದ್ದೋ ಇಡಿಯೋ ಎಂದು ಹೇಳಬಲ್ಲ ಕ್ಯಾಮೆರಾ ಅದು. ಬಿಡಿಸಿಟ್ಟ ಚೌಕ ಅದಕ್ಕೆ ದೊಡ್ಡ ಮಾತಲ್ಲ.

ಭಾವನ ಮನೆಯ ಮೊಬೈಲಿಗೆ ಯಾರೋ ಕನ್ನ ಹಾಕಿರಬೇಕು. ಅವಳ ಮನಸ್ಸು ಮೊದಲು ಹಿಡಿದದ್ದು ಆ ದಾರಿಯನ್ನು. ಬೇರೆ ದಾರಿ ಅದಕ್ಕೆ ಬೇಡವಾಗಿತ್ತು.

ಉರಾಳರು ಹೂವು, ಗಂಧ ಸೇರಿಸಿ ಅಂಗೈಯಗಲದ ಕಾಗದದಲ್ಲಿ ಪ್ರಸಾದ ಕಟ್ಟಿ ಕೊಟ್ಟರು. ಕಾಗದದ ಒಳಮೈ ಖಾಲಿ, ಹೊರಮೈಯಲ್ಲಿ ಅಚ್ಚು. 'ಯಾರಿಗೂ ತೋರಿ' ಎಂಬಲ್ಲಿಗೆ ಕತ್ತರಿ ಬಿದ್ದಿತ್ತು.

"ಈ ಕಾಗ್ದ ಎಲ್ಲಿಂದ?"

"ಬಾಳೆ ಎಲಿ ಈಗ ಎಲ್ಲಿತ್ತ್ ಮಗಾ? ನಿನ್ನ ಭಾವನೇ ಕೊಟ್ಟದ್. ಎರಡ್ ಸಾವ್ರ ಇತ್ತಂಬ್ರ್. ಹಂಚೂಕ್ ಆಯ್ಲಿಲ್ಲೆ, ಹಾಳ್ ಆಪುದ್ ಬ್ಯಾಡ ಅಂದ್ಕಂಡ್ ಅವ್ರೇ ಕೂಕಂಡ್ ಕತ್ರ್ಸಿ ಕೊಟ್ರ್."

ಕಟ್ಟಿನಿಂದ ಹುಡುಕಿ ತೆಗೆದ ನಾಲ್ಕು ತುಂಡುಗಳನ್ನು ಶ್ರೀವಿದ್ಯಾ ಜಗಲಿಯ ಕಲ್ಲಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಳು.

'ಗ್ರಾಹಕರೇ, ಎಚ್ಚರ. ನಾಣ್ಯಯಂತ್ರ ಕೊಡುವ ಚೀಟಿಯ ಬಲಗಡೆಯ ಚೌಕ ನಿಮ್ಮ ಹಣದ ಕೀಲಿ. ಅದನ್ನು ಯಾರಿಗೂ ತೋರಿಸಬೇಡಿ. ಫೋಟೋ ತೆಗೆಯಲು ಬಿಡಬೇಡಿ.'

ಅಡಿಯಲ್ಲಿ ವೇದಿಕೆಯ ಹೆಸರು. ಅದರ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಅಚ್ಚಾದ ತಿಂಗಳು: ಜುಲೈ.

ಮೊದಲ ಕಳವಾದದ್ದು ಆಗಸ್ಟ್ ಕೊನೆಗೆ. ಸೆಪ್ಟೆಂಬರಿನಲ್ಲಿ ಅವಳನ್ನು ಕರೆಸಿದಾಗ ಭಾವ ಹೇಳಿದ ಮಾತು ಅವಳ ನೋಟುಪುಸ್ತಕದ ಮೊದಲ ಪುಟದಲ್ಲೇ ಇತ್ತು: 'ಕೀಲಿ ಗೀಲಿ ನಮಗೆ ಏನೂ ಗೊತ್ತಿರಲಿಲ್ಲ.'

ಶ್ರೀವಿದ್ಯಾ ಎದ್ದಳು, ಮತ್ತೆ ಕುಳಿತಳು. ಅವಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಹೋದರು. ಹನ್ನೆರಡನೇ ದಿನ ಕಳೆದ ಮರುಬೆಳಿಗ್ಗೆ ಭಾವ ಬಸ್ಸು ಹತ್ತಿ ಹೋಗಿ ಪರೀಕ್ಷೆಯ ಫೀಸು ಕಟ್ಟಿ ಬಂದಿದ್ದರು. ಪ್ರತಿ ರಜೆಯಲ್ಲೂ ಅವಳ ಪ್ರಯೋಗದ ಪುಸ್ತಕ ತೆಗೆದು ಓದುತ್ತಿದ್ದರು. ರಸಾಯನಶಾಸ್ತ್ರ ಅವರಿಗೆ ತಿಳಿಯದು. ಅಲ್ಪವಿರಾಮ ತಪ್ಪಿದ್ದರೆ ಗುರುತು ಹಾಕುತ್ತಿದ್ದರು.

"ಎಂತಾಯ್ತ್ ಮಗಾ? ತಲಿ ತಿರ್ಗ್ತಾ? ನೀರ್ ತಕಂಬಾ?" ಎಂದರು ಉರಾಳರು.

"ಇಲ್ಲೆ. ಈ ನಾಲ್ಕ್ ತುಂಡ್ ನಾ ತಕಂಡ್ ಹೋತೆ."

ಬ್ರಹ್ಮಾವರದ ಮನೆಯ ಹೊರಕೋಣೆಯೇ ವೇದಿಕೆಯ ಕಚೇರಿ. ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಗೋಡೆಯುದ್ದಕ್ಕೂ ಕಡತಗಳು: ಕೆಟ್ಟ ಪಂಪ್‌ಸೆಟ್ಟು, ಸುಳ್ಳು ವಿಮೆ, ತೂಕ ಕಡಿಮೆಯ ಸಿಲಿಂಡರು. ಮಧುಸೂದನ ಹಂದೆಯವರು ಸಮಿತಿಗೆ ಸಲ್ಲಿಸಬೇಕಾದ ನಿಯಮಗಳ ಕರಡು ಓದುತ್ತಿದ್ದರು.

"ಬಂದ್ಯಾ ವಿದ್ಯಾ? ವರದಿ ಆಯ್ತಾ? ಮೂರ್ ಗಂಟಿ ಒಳ್ಗೆ ಕಳ್ಸ್ಕ್."

ಶ್ರೀವಿದ್ಯಾ ಚೀಲದಿಂದ ನಾಲ್ಕು ತುಂಡುಗಳನ್ನು ತೆಗೆದು ಕರಡಿನ ಮೇಲೆ ಜೋಡಿಸಿದಳು.

ಅವರು ಒಂದು ತುಂಡು ಸ್ವಲ್ಪ ಓರೆಯಾದದ್ದನ್ನು ಬೆರಳಿನಿಂದ ಸರಿಮಾಡಿದರು.

"ಅಚ್ಚಿನ ತಪ್ಪ್ ಇದ್ದಿತ್," ಎಂದರು. "ಅದ್ಕೇ ಹಂಚ್ಲಿಲ್ಲೆ."

"ಎಂತ ತಪ್ಪ್? ತೋರ್ಸಿ."

ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಅಲ್ಪವಿರಾಮ ಕೂಡ ತಪ್ಪಿರಲಿಲ್ಲ.

"ಜುಲೈಯಗೇ ಗೊತ್ತಿತ್ತ್ ನಿಮ್ಗೆ," ಎಂದಳು ಶ್ರೀವಿದ್ಯಾ. "ಎರಡ್ ಸಾವ್ರ ಜನಕ್ಕೆ ಹೇಳುವ ಮಾತನ್ನ ಕತ್ತರಿಸಿ ಪ್ರಸಾದ ಕಟ್ಟೂಕ್ ಕೊಟ್ರಿ. ಆಮೇಲೆ ನನ್ನ ಕರ್ದ್ರಿ. ಎಂತಕ್ ಕರ್ದ್ರಿ ಭಾವ? ಇವ್ಳ್ ಪ್ರಯೋಗಾಲಯದವ್ಳ್, ಯಂತ್ರವನ್ನೇ ಕಾಂ‌ತ್ಲ್, ಮನ್ಷರನ್ನ ಕಾಂಬುದಿಲ್ಲ ಅಂದೇಳಿಯಾ?"

"ನೀ ಬರ್ದ್ರೆ ಮತ್ತೆ ಯಾರೂ ಪ್ರಶ್ನೆ ಮಾಡುದಿಲ್ಲ ಅಂದೇಳಿ."

ಅವರು ಅದನ್ನು ಮೆಚ್ಚುಗೆಯ ಮಾತಿನಂತೆಯೇ ಹೇಳಿದರು. ಹನ್ನೊಂದು ವರ್ಷ ಒಂದು ಸುಳ್ಳು ಸಹಿಯನ್ನೂ ನಿಜವೆಂದು ಬರೆಯದ ಕೈ ಶ್ರೀವಿದ್ಯಾಳದು. ಅದೇ ಕಾರಣಕ್ಕೆ ಆ ಕೈ ಅವರಿಗೆ ಬೇಕಾಗಿತ್ತು.

"ಯಂತ್ರ ಸಾಚಾ ಅಲ್ಲ ವಿದ್ಯಾ," ಅವರ ದನಿ ಈಗ ಸಭೆಯಲ್ಲಿ ಮಾತಾಡುವ ದನಿಯಾಯಿತು. "ಕೀಲಿಯನ್ನ ಹೋಟ್ಲ್ ಬಿಲ್ಲಿನ್ ಹಾಂಗೆ ಅಚ್ಚ್ ಹಾಕಿ ಕೈಗ್ ಕೊಡ್ತಿತ್ತ್. ಕನ್ನಡದಗೆ ಒಂದ್ ಅಕ್ಷರ ಎಚ್ಚರಿಕೆ ಇಲ್ಲೆ. ದಿನಕ್ ಇಷ್ಟೇ ಅಂದೇಳಿ ಮಿತಿ ಇಲ್ಲೆ. ಹೊಸಬ್ರ ದುಡ್ಡನ್ನ ಎರಡ್ ದಿನ ತಡ್ದ್ ಹಿಡಿಯುವ ಕ್ರಮ ಇಲ್ಲೆ. ಅದೊಂದ್ ಇದ್ದಿದ್ರೆ ಯಾರ ದುಡ್ಡೂ ಹೋತಿರ್ಲಿಲ್ಲೆ. ಈ ನಿಯಮ ಎಲ್ಲ ನಾ ಬರ್ದದ್. ಇದ್ ಸುಳ್ಳಾ?"

"ನಿಯಮ ಸುಳ್ಳಲ್ಲ ಭಾವ. ನೀವ್ ಸುಳ್ಳ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೇ ಮಾಡಿದ್ದ್ ಅಂದ್ ಬರಿ. ಸಹಿ ಹಾಕ್ತೆ."

ಒಪ್ಪಿಗೆ ಇಷ್ಟು ಬೇಗ ಬರಬಾರದಿತ್ತು. ಶ್ರೀವಿದ್ಯಾಳ ಕಣ್ಣು ಕನ್ನಡಕದ ಪಕ್ಕದಲ್ಲಿದ್ದ ಭಾವನ ಫೋನಿನ ಮೇಲೆ ನಿಂತಿತು. ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಕ್ಯಾಮೆರಾದ ಚಿತ್ರ ನೋಡಲು ಸಾಧ್ಯವೇ ಇಲ್ಲ.

ಆಗ ಒಳಗಿನ ಕೋಣೆಯಿಂದ ಗಂಟೆಯ ಸದ್ದು ಕೇಳಿಸಿತು. ಜಾಗಟೆ ಸೇರಿಕೊಂಡಿತು. ಗಂಟೆ ನಿಂತ ಮೇಲೆ ಒಂದು ಒಣಕೆಮ್ಮು, ಮಂತ್ರ. ವೈಕುಂಠ ಉರಾಳರ ದನಿ. ಹತ್ತು ಮೈಲಿ ದೂರದ ಗುಡಿಯಲ್ಲಿ ಮಧ್ಯಾಹ್ನದ ಮಹಾಪೂಜೆ ನಡೆಯುತ್ತಿತ್ತು. ಮನೆಯೊಳಗೆ ಯಾರೋ ಅದನ್ನು ನೋಡುತ್ತಿದ್ದರು.

"ಅಕ್ಕಾ," ಎಂದು ಕರೆದಳು ಶ್ರೀವಿದ್ಯಾ. ಅದು ಕೂಗಿದಂತೆ ಇರಲಿಲ್ಲ.

ಸದ್ದು ನಿಂತಿತು. ಗೋದಾವರಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು. ಇನ್ನೊಂದು ಕೈಯಲ್ಲಿ ಟ್ಯಾಬ್ಲೆಟ್ ಇತ್ತು.

"ಅವ್ರ್ ಎಂತೂ ಮಾಡ್ಲಿಲ್ಲೆ, ಹೆಣ್ಣೆ. ಅವ್ರಿಗೆ ಅಲಾರಾಂ ಇಡೂಕೂ ನಾನೇ ಬೇಕ್."

"ನೀ ಒಳ್ಗ್ ಹೋಗ್," ಎಂದರು ಹಂದೆಯವರು.

"ಎಷ್ಟ್ ವರ್ಷ ಒಳ್ಗೇ ಇಪ್ಪುದ್?" ಗೋದಾವರಿ ಬಂದು ನಾಲ್ಕು ತುಂಡುಗಳನ್ನು ನೋಡಿದಳು. "ಇದ್ನ ಟೈಪ್ ಮಾಡದ್ ಯಾರ್ ಗೊತ್ತಿತ್ತಾ? ನಾನ್. ಯಾರಿಗೂ ತೋರಿಸಬೇಡಿ ಅಂದ್ ಟೈಪ್ ಮಾಡ್ತಿಪ್ಪತಿಗೆ, ತೋರ್ಸ್ರೆ ಎಂತ ಆತ್ತ್ ಅಂದ್ ಕೇಂಡೆ. ವೇದಿಕೆಗ್ ಬಂದ ಒಬ್ಬ್ರ್ ಪಾಠ ಮಾಡಿ ತೋರ್ಸ್ರ್. ಎಲ್ಲ ಜನ ಆಕಳಿಸ್ತಾ ಕೂಕಂಡಿದ್ರ್. ನಾನೊಬ್ಳೇ ಸಮಾ ಕೇಂಡದ್."

"ಅಕ್ಕ, ಎಂತಕೆ?"

ಗೋದಾವರಿ ಬಳೆಯ ಕೈ ಮೇಲೆತ್ತಿದಳು. ಗಾಜಿನ ಬಳೆ, ನಾಲ್ಕೇ. "ಪಂಪ್‌ಸೆಟ್ಟಿನ ಕೇಸಿಗೆ ಚಿನ್ನದ ಕೈಬಳಿ ಹೋಯ್ತ್. ವಿಮೆ ಕೇಸಿಗೆ ಅವಲಕ್ಕಿ ಸರ. ಗೆದ್ದ್ ಬಂದವ್ರಿಗೆ ನಾನೇ ಕಾಫಿ ಮಾಡಿ ಕೊಟ್ಟದ್. ಒಬ್ರಾದ್ರೂ ನನ್ನ ಕೈ ಕಂಡ್ರಾ?" ಅವಳು ಕೈ ಇಳಿಸಿದಳು. "ಕಂಪನಿ ವಾಪಸ್ ಕೊಡ್ತಿತ್ತಲೆ. ಯಾರ ಮನಿದೂ ಹೋಪುದಿಲ್ಲ ಅಂದ್ ಎಣ್ಸಿದ್ದೆ."

"ಐದನೇ ದೂರ್ ಬಂದಾಗ ನಂಗ್ ಗೊತ್ತಾಯ್ತ್," ಎಂದರು ಹಂದೆಯವರು, ಯಾರ ಮುಖವನ್ನೂ ನೋಡದೆ. "ಹಂಚೂಕ್ ಬಾಕಿ ಇದ್ದ ಕಾಗ್ದ ಆಗ್ಲೇ ಕತ್ರ್ಸದ್. ತಪ್ಪ್ ಯಂತ್ರದ ಮೇಲೆ ಹೋದ್ರೆ ಜನಕ್ ದುಡ್ ಸಿಕ್ತಿತ್ತ್. ಇವ್ಳೂ ಉಳೀತ್ಲ್."

"ನಾನ್?" ಎಂದಳು ಶ್ರೀವಿದ್ಯಾ.

ಆ ಲೆಕ್ಕದಲ್ಲಿ ಅವಳು ಇರಲೇ ಇಲ್ಲ.

ಪ್ರತಿ ರಾತ್ರಿ ಫೋನು ಮಾಡಿ 'ಊಟ ಆಯ್ತಾ, ಕೆಲ್ಸ ಎಲ್ಲಿಗ್ ಬಂತ್' ಎಂದು ಕೇಳುತ್ತಿದ್ದವಳು ಇದೇ ಅಕ್ಕ. ಎಷ್ಟು ವಿವರವಾಗಿ ಹೇಳಿದ್ದಳು ತಾನು! ಅಕ್ಕನಿಗೆ ಅರ್ಥವಾಗಲಿ ಎಂದು ಸರಳಮಾಡಿ ಬೇರೆ.

ಗಂಟೆ ಒಂದಾಗಿತ್ತು. ನಿಜ ಬರೆದರೆ ಕಂಪನಿಯ ವಕೀಲ ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ: ಗ್ರಾಹಕರೇ ಕೀಲಿ ತೋರಿಸಿದ್ದಾರೆ. ಸುಳ್ಳು ಬರೆದರೆ ಹಣ ಮರಳುತ್ತದೆ, ಮಾಡಿನ ಕೆಳಗಿನ ಅಡಿಮರದ ಮೇಲೆ ಹಲಗೆ ಏರುತ್ತದೆ.

"ದುಡ್ ಎಲ್ಲಿತ್ತ್?" ಎಂದು ಕೇಳಿದಳು.

"ಇತ್ತ್. ಒಂದ್ ಪೈಸೆ ಮುಟ್ಲಿಲ್ಲೆ. ಬಳಿ ಮಾಡ್ಸುಕೂ ಹೆದ್ರ್ಕಿ ಆಯ್ತ್." ಗೋದಾವರಿ ಟ್ಯಾಬ್ಲೆಟನ್ನು ತಂಗಿಯ ಮುಂದೆ ಇಟ್ಟಳು. "ಕಾಣ್. ಹತ್ತೂ ಇತ್ತ್."

"ಹನ್ನೊಂದ್."

"ಹತ್ತ್."

"ಸರಸಕ್ಕನದ್ ಸೇರಿ ಹನ್ನೊಂದ್. ಹಂಗಾರಕಟ್ಟೆಯವ್ಳ್. ಒಂದ್ ಲಕ್ಷ ತೊಂಬತ್ತ್ ಸಾವ್ರ. ಅಕ್ಕ, ಅದ್ ದೋಣಿ ದುಡ್. ಅದೊಂದನ್ನ ಮುಚ್ಚಿಡ್ಬೇಡ."

"ಹತ್ತ್ ಒಪ್ಪಿಕಂಡವ್ಳ್ ಒಂದಕ್ ಸುಳ್ಳ್ ಹೇಳ್ಕಾ?" ಗೋದಾವರಿಯ ಕಣ್ಣಲ್ಲಿ ಮೊದಲ ಬಾರಿಗೆ ನೀರು ಬಂತು. ಅದು ಸಿಟ್ಟಿನ ನೀರು. "ಆ ಚೀಟಿ ನೆನ್ಪಿತ್ತ್ ನಂಗೆ. ದಸರಾ ಮುಂಚಿನ ಮಂಗ್ಳವಾರ ಬೆಳಿಗ್ಗೆ ಹರಿವಾಣಕ್ ಬಂತ್. ನಾ ತೆಗೂಕ್ ಹೋಪತಿಗೇ ಖಾಲಿ. ಯಂತ್ರವೇ ಮೋಸ ಮಾಡಿತ್ ಕಾಣತ್ ಅಂದ್ಕಂಡ್ ನಂಗ್ ಒಂದ್ ನಮೂನಿ ಸಮಾಧಾನವೂ ಆಯ್ತ್."

ಶ್ರೀವಿದ್ಯಾ ಕಡತ ತೆರೆದಳು. ಸರಸಳ ಪುಟ. ನಾಣ್ಯ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಅವಳೇ ಎರಡು ವಾರದ ಹಿಂದೆ ಬರೆದುಕೊಂಡಿದ್ದಳು. ಬಂದದ್ದು ದಸರಾ ಮುಂಚಿನ ಸೋಮವಾರ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ. ಹೋದದ್ದು ಅದೇ ಸೋಮವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ.

ಚೀಟಿ ದೇವರ ಮುಂದೆ ಬಂದದ್ದು ಮಂಗಳವಾರ.

ಗುಡಿಯ ವಿಷಯ ಅವಳಿಗೆ ತಿಳಿದದ್ದೇ ಇಂದು ಬೆಳಿಗ್ಗೆ. ಏಳು ಜನರ ಉತ್ತರ ಒಂದೇ ಎಂದಾದ ಕೂಡಲೇ ಯಾವ ದಿನ ಕೊಟ್ಟಿರಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಪ್ರಯೋಗಾಲಯದಲ್ಲಾಗಿದ್ದರೆ ಹೊಸದಾಗಿ ಸೇರಿದವರಿಗೆ ಅವಳು ಇಂಥ ತಪ್ಪಿಗೆ ಪುಸ್ತಕ ವಾಪಸು ಎಸೆಯುತ್ತಿದ್ದಳು.

ಅವಳು ಅಂಗಳಕ್ಕೆ ಇಳಿದು ಸರಸಳಿಗೆ ಫೋನು ಮಾಡಿದಳು. ನಾಲ್ಕನೇ ಸಲ ಗಂಟೆಯಾದಾಗ ಅವಳು ಎತ್ತಿದಳು. ಹಿಂದೆ ಮರದ ಮೇಲೆ ಸುತ್ತಿಗೆಯ ಪೆಟ್ಟು ಒಂದೇ ಸಮನೆ ಬೀಳುತ್ತಿತ್ತು.

"ಸರಸಕ್ಕ, ಒಂದೇ ಮಾತ್. ತಲ್ಲೂರಿಂದ ಬಂದ ಸೋಮವಾರ, ಮಾರ್ನೇ ದಿನ ಗುಡಿಗ್ ಹೋಪವರೆಗೆ, ನಿಮ್ಮ ಚೀಟಿ ಎಲ್ಲಿದ್ದಿತ್?"

"ನನ್ನತ್ರ ಎಲ್ಲಿತ್ತ್? ನಾ ಅಲ್ಲಿಂದ ಸೀದಾ ಮೀನ್ ಬುಟ್ಟಿ ಹೊತ್ಕಂಡ್ ಹೋದೆ. ಬುಟ್ಟಿಯಗೆ ನೀರ್ ತಾಗತ್ ಅಂದ್ಕಂಡ್ ಇವ್ರೇ ಎರಡೂ ಚೀಟಿ ಜೋಪಾನ ಮಾಡಿದ್ರ್." ಅವಳ ದನಿಯಲ್ಲಿ ಆಸೆ ಏರಿತು. "ಎಂತಕ್ ಕೇಂತ್ರಿ ಮೇಡಂ? ದುಡ್ ಸಿಕ್ಕುವ ಹಾಂಗ್ ಇತ್ತಾ?"

ಹಣ ಹೋದ ಸೋಮವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಎರಡೂ ಚೀಟಿ ಇದ್ದದ್ದು ಚಂದುವಿನ ಕೈಯಲ್ಲಿ. ಹೋಲಿಸಿ ನೋಡಲು ಒಳ್ಳೆಯ ಮಾದರಿ ಎಂದು ಎತ್ತಿಕೊಂಡ ಮನುಷ್ಯನನ್ನು ಶ್ರೀವಿದ್ಯಾ ಪರೀಕ್ಷಿಸಿಯೇ ಇರಲಿಲ್ಲ.

ಸುತ್ತಿಗೆಯ ಪೆಟ್ಟು ನಿಂತಿತು.

"ಯಾರ್, ಮೇಡಮಾ? ಇಲ್ಲಿ ಕೊಡ್," ಎಂದದ್ದು ದೂರದಿಂದ ಕೇಳಿತು. ಫೋನು ಕೈ ಬದಲಾಯಿತು. ಚಂದುವಿನ ಉಸಿರು ಹತ್ತಿರವಾಯಿತು, ಬೆಳಿಗ್ಗೆಗಿಂತ ಮೆದುವಾಗಿ.

"ಮೇಡಂ, ವರದಿ ಕಳ್ಸಿ ಆಯ್ತಲೆ?"